ನ್ಯಾನೊಜೈಮ್ ಕೈಕೊಟ್ಟಾಗ: ಹೃದಯದ ಪ್ರಯೋಗಗಳಲ್ಲಿ ದೋಷ ಹುಡುಕುವ ಕೈಪಿಡಿ

ವಿಜಯಪುರ, ಬಾಗಲಕೋಟೆ ಕಡೆಯ ವಿದ್ಯಾರ್ಥಿಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಎರಡು ಥರ. ಮೊದಲನೆಯದು, "ಅಕ್ಕಾರ, ಬಣ್ಣನ ಬರವಲ್ದ್ರಿ." ಪೆರಾಕ್ಸೈಡ್ ಹಾಕಿ ಆಗಿದೆ, ಟಿಎಂಬಿ (ಉತ್ಕರ್ಷಣೆಯಾದರೆ ನೀಲಿಯಾಗುವ ವಸ್ತು) ಹಾಕಿ ಆಗಿದೆ, ಕಣಗಳನ್ನೂ ಹಾಕಿ ಆಗಿದೆ, ಟ್ಯೂಬ್ ಮಾತ್ರ ತಿಳಿನೀರಿನಂತೆ ಕೂತಿದೆ. ಎರಡನೆಯದು, "ಅಕ್ಕಾರ, ಎಲ್ಲಾ ಭಾಳ ಚಲೋ ಬಂದೈತ್ರಿ." ಈ ಎರಡನೆಯದಕ್ಕೇ ನನಗೆ ಚಿಂತೆ ಜಾಸ್ತಿ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಆಮ್ಲಜನಕ ಸಿಗದೆ ಸ್ನಾಯು ಸಾಯತೊಡಗುತ್ತದೆ. ಸ್ಟೆಂಟ್ ಹಾಕಿ ಅಥವಾ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ನಾಳ ಬಿಡಿಸಿದರೆ ಜೀವ ಉಳಿಯುತ್ತದೆ. ಆದರೆ ರಕ್ತ ಮರಳಿ ಹರಿಯುವ ಮೊದಲ ಕೆಲವು ನಿಮಿಷಗಳಲ್ಲೇ ಮೈಟೊಕಾಂಡ್ರಿಯಾದಿಂದ ಸೂಪರ್‌ಆಕ್ಸೈಡ್ ಒಮ್ಮೆಲೇ ಉಕ್ಕುತ್ತದೆ. ಅದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಅಲ್ಲಿ ಬಿಡಿ ಕಬ್ಬಿಣ ಇದ್ದರೆ ಇನ್ನೂ ಕೆಟ್ಟದಾದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತದೆ. ಉಳಿದಿದ್ದ ಕೋಶಗಳೂ ಸಾಯುತ್ತವೆ. ಇದನ್ನು ತಡೆಯಲು ದೇಹದಲ್ಲೇ ಸೂಪರ್‌ಆಕ್ಸೈಡ್ ತೆಗೆಯುವ ಎಸ್‌ಒಡಿ, ಪೆರಾಕ್ಸೈಡ್ ತೆಗೆಯುವ ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳಿವೆ. ಆ ಗಳಿಗೆಯಲ್ಲಿ ಅವು ಸಾಲುವುದಿಲ್ಲ. ಅದೇ ಕೆಲಸ ಮಾಡುವ ಅತಿಸಣ್ಣ ಕಣಗಳನ್ನು ಹೊರಗಿನಿಂದ ಕೊಡಬಹುದೇ ಅನ್ನುವುದು ಪ್ರಶ್ನೆ. ಆ ಕಣಗಳಿಗೇ ನ್ಯಾನೊಜೈಮ್ ಎನ್ನುತ್ತೇವೆ.

ಕಬ್ಬಿಣದ ಆಕ್ಸೈಡ್ ಕಣ ಪೆರಾಕ್ಸಿಡೇಸ್ ಥರ ವರ್ತಿಸುತ್ತದೆ ಎಂದು ಚೀನಾದ ಸಂಶೋಧಕರು 2007ರಲ್ಲಿ ತೋರಿಸಿದರು. ಸೀರಿಯಂ ಆಕ್ಸೈಡ್ ಎಸ್‌ಒಡಿ ಥರ ಕೆಲಸ ಮಾಡುತ್ತದೆ ಎಂಬ ವರದಿ ಬಂದದ್ದೂ ಅದೇ ವರ್ಷ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಅವರ ತಂಡ 2014ರಲ್ಲಿ ವೆನೇಡಿಯಂ ಪೆಂಟಾಕ್ಸೈಡ್‌ನ ನ್ಯಾನೊ ತಂತಿಗಳು ಗ್ಲುಟಾಥಯೋನ್ ಪೆರಾಕ್ಸಿಡೇಸ್‌ನ ಕೆಲಸ ಮಾಡುವುದನ್ನು ತೋರಿಸಿತು. ಆಮೇಲೆ ಮ್ಯಾಂಗನೀಸ್ ಆಕ್ಸೈಡ್‌ನ ಒಂದೇ ಕಣ ಮೂರೂ ಕಿಣ್ವಗಳ ಕೆಲಸ ಮಾಡುವುದನ್ನೂ ತೋರಿಸಿತು. ನಮ್ಮ ಕಡೆಯ ಸಣ್ಣ ಲ್ಯಾಬ್‌ಗಳಿಗೆ ಒಗ್ಗುವುದು ಸೀರಿಯಂ ಆಕ್ಸೈಡ್. ಸೀರಿಯಂ ನೈಟ್ರೇಟ್, ಅಮೋನಿಯಾ, ಒಂದು ಮ್ಯಾಗ್ನೆಟಿಕ್ ಸ್ಟರ‍್ರರ್ ಇದ್ದರೆ ಶುರು ಮಾಡಬಹುದು. ಹಾಗಾಗಿ ಈ ಕೈಪಿಡಿಯಲ್ಲಿ ಅದರ ಮಾತೇ ಜಾಸ್ತಿ.

ನಾನು ಕಂಡಂತೆ ದೋಷ ಕಣದಲ್ಲಿ ಇರುವುದು ಕಡಿಮೆ. ನೀರು, ಬಫರ್, ಪೆರಾಕ್ಸೈಡ್ ಬಾಟಲಿ, ಬಿಟ್ಟುಹೋದ ಕಂಟ್ರೋಲ್ (ಹೋಲಿಕೆಗೆ ಮಾಡುವ ಪರೀಕ್ಷೆ), ಇವುಗಳಲ್ಲೇ ಜಾಸ್ತಿ. ಮತ್ತೆ, ಹೃದಯದ ಪಿಎಚ್‌ನಲ್ಲಿ, ಹೃದಯದ ಸುತ್ತ ಇರುವಂಥ ದ್ರವದಲ್ಲಿ ಅಳೆಯದ ಫಲಿತಾಂಶದಿಂದ ಹೃದಯದ ಬಗ್ಗೆ ಏನೂ ತಿಳಿಯುವುದಿಲ್ಲ.

ಮೊದಲು ಇದನ್ನು ಓದಿ

ಇದು ಲ್ಯಾಬ್‌ನವರಿಗಾಗಿ ಬರೆದದ್ದು. ಮನುಷ್ಯರ ಹೃದಯಾಘಾತಕ್ಕೆ ಮಂಜೂರಾದ ನ್ಯಾನೊಜೈಮ್ ಔಷಧಿ ಇವತ್ತಿಗೆ ಒಂದೂ ಇಲ್ಲ. ಮನೆಯವರಿಗೆ ಎದೆ ಹಿಂಡಿದಂತಾಗಿ, ನೋವು ಭುಜಕ್ಕೋ ದವಡೆಗೋ ಹಬ್ಬಿ, ತಣ್ಣನೆಯ ಬೆವರು ಬಂದರೆ ಓದುವುದನ್ನು ನಿಲ್ಲಿಸಿ 108ಕ್ಕೆ ಫೋನ್ ಮಾಡಿ. "ಗ್ಯಾಸ್ ಇರಬೇಕು" ಅಂತ ಬೆಳಗಿನ ತನಕ ಕಾಯಬೇಡಿ. ನಾಳ ಬೇಗ ಬಿಡಿಸಿದಷ್ಟೂ ಸ್ನಾಯು ಉಳಿಯುತ್ತದೆ. "ನ್ಯಾನೊ" ಅಂತ ಹೆಸರು ಹಚ್ಚಿ ಮಾರುವ ಪೌಡರ್, ಹನಿಗಳನ್ನು ಹೃದಯಕ್ಕೆ ಒಳ್ಳೆಯದೆಂದು ಕುಡಿಯಬೇಡಿ.

ಲ್ಯಾಬ್‌ನವರು ಮರೆಯಬಾರದ ಮಾತುಗಳೂ ಇವೆ. 30 ಶೇಕಡಾ ಪೆರಾಕ್ಸೈಡ್ ಚರ್ಮವನ್ನು ಸುಟ್ಟು ಬಿಳಿ ಮಾಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಗ್ಲೌಸ್ ಮತ್ತು ಕನ್ನಡಕ ಎರಡೂ ಬೇಕು. ಪೆರಾಕ್ಸೈಡ್‌ಗೆ ಕಣ ಸೇರಿಸಿದ ಮೇಲೆ ಮುಚ್ಚಳ ಬಿಗಿ ಮಾಡಬೇಡಿ. ಕ್ಯಾಟಲೇಸ್ ಗುಣ ಇರುವ ಕಣ ಆಮ್ಲಜನಕ ಬಿಡುತ್ತಲೇ ಇರುತ್ತದೆ, ಒತ್ತಡ ಏರಿ ಟ್ಯೂಬ್ ಸಿಡಿಯುತ್ತದೆ. ಒಣ ಪೌಡರ್ ತೂಗುವಾಗ ಫ್ಯಾನ್ ಆಫ್ ಮಾಡಿ, ಮಾಸ್ಕ್ ಹಾಕಿ. ಚೆಲ್ಲಿದರೆ ಕಸಬರಿಗೆ ಮುಟ್ಟಬೇಡಿ, ಒದ್ದೆ ಟಿಶ್ಯೂನಿಂದ ಒರೆಸಿ. ಉಳಿದದ್ದನ್ನು ಸಿಂಕಿಗೆ ಸುರಿಯದೆ ಬೇರೆ ಬಾಟಲಿಯಲ್ಲಿ ಕೂಡಿಡಿ.

"ಬಣ್ಣವೇ ಬರುತ್ತಿಲ್ಲ"

ಟಿಎಂಬಿ ಪರೀಕ್ಷೆಯಲ್ಲಿ ನೀಲಿ ಬರಬೇಕು, 652 ನ್ಯಾನೊಮೀಟರ್‌ನಲ್ಲಿ ಓದಬೇಕು. ಆಮ್ಲ ಹಾಕಿ ನಿಲ್ಲಿಸಿದ್ದರೆ ಅದು ಹಳದಿಗೆ ತಿರುಗುತ್ತದೆ. ಆಗ 450ರಲ್ಲಿ ಓದಬೇಕು. ಹಳದಿ ದ್ರಾವಣವನ್ನು 652ರಲ್ಲಿ ಓದಿ "ಏನೂ ಇಲ್ಲ" ಅನ್ನುವವರಿದ್ದಾರೆ. ಇದನ್ನು ಮೊದಲೇ ನೋಡಿಬಿಡಿ, ಖರ್ಚಿಲ್ಲ.

ಆಮೇಲೆ ಪಿಎಚ್ ಪೇಪರ್ ಅದ್ದಿ. ಈ ಪರೀಕ್ಷೆಗೆ ಹುಳಿ ಬಫರ್ ಬೇಕು, ಅಸಿಟೇಟ್ ಬಫರ್, ಪಿಎಚ್ 3.5ರಿಂದ 4.5ರ ಒಳಗೆ. ಕಬ್ಬಿಣದ ಆಕ್ಸೈಡ್‌ಗೆ 3.5 ಆಸುಪಾಸು ಅತಿ ಚೆನ್ನಾಗಿ ನಡೆಯುತ್ತದೆ. ಪಿಬಿಎಸ್‌ನಲ್ಲಿ (ಫಾಸ್ಫೇಟ್ ಇರುವ ಉಪ್ಪಿನ ಬಫರ್), ರಕ್ತದ ಪಿಎಚ್ ಆದ 7.4ರಲ್ಲಿ ಮಾಡಿದರೆ ನೀಲಿ ಬರುವುದೇ ಕಷ್ಟ. ಪಿಎಚ್ ಸರಿ ಇದೆಯೇ? ಹಾಗಿದ್ದರೆ ಪೆರಾಕ್ಸೈಡ್ ಮೇಲೆ ಸಂಶಯ ಪಡಿ. ನಮ್ಮ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಮುಟ್ಟುತ್ತದೆ. ಕಪಾಟಿನಲ್ಲಿ ಇಟ್ಟ ಬಾಟಲಿ ತಾನಾಗಿಯೇ ನೀರಾಗುತ್ತ ಹೋಗುತ್ತದೆ. ಲೇಬಲ್ ಮೇಲಿನ 30 ಶೇಕಡಾ ನಂಬಬೇಡಿ.

ಪೆರಾಕ್ಸೈಡ್ ಜೀವಂತ ಇದೆಯೇ ಎಂದು ನೋಡಲು ಅಗ್ಗದ ದಾರಿ ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ನೇರಳೆ ದ್ರಾವಣ ಮಾಡಿ, ನಿಮ್ಮ ತೆಳು ಪೆರಾಕ್ಸೈಡನ್ನು ಹನಿಹನಿ ಬಿಡಿ. ಗುಳ್ಳೆ ಎದ್ದು ನೇರಳೆ ಮಾಯವಾಗಬೇಕು. ಹೊಸ ಬಾಟಲಿಯದನ್ನೂ ಅಷ್ಟೇ ತೆಳು ಮಾಡಿ ಪಕ್ಕದಲ್ಲೇ ನೋಡಿ. ಹಳೆಯದಕ್ಕೆ ಎರಡು ಪಟ್ಟು ಹನಿ ಬೇಕಾದರೆ ಅದರ ಬಲ ಅರ್ಧಕ್ಕೆ ಇಳಿದಿದೆ ಅಂತ ಅರ್ಥ. ಯುವಿ ಸ್ಪೆಕ್ಟ್ರೋಫೋಟೊಮೀಟರ್ ಇದ್ದರೆ ಇನ್ನೂ ಸುಲಭ. 240 ನ್ಯಾನೊಮೀಟರ್‌ನಲ್ಲಿ 10 ಮಿಲಿಮೋಲಾರ್ ಪೆರಾಕ್ಸೈಡ್, ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ, 0.4ರ ಸುತ್ತ ಓದಬೇಕು. ಇಲ್ಲಿ ಕ್ವಾರ್ಟ್ಜ್ ಕ್ಯುವೆಟ್ಟೇ ಬೇಕು. ಮಾಮೂಲಿ ಪ್ಲಾಸ್ಟಿಕ್ ಕ್ಯುವೆಟ್ ಈ ಬೆಳಕನ್ನು ತಾನೇ ನುಂಗುತ್ತದೆ.

ಬಫರ್ ಕೆಡಬಾರದು ಅಂತ ಯಾರಾದರೂ ಸೋಡಿಯಂ ಅಜೈಡ್ ಹಾಕಿಟ್ಟಿದ್ದಾರೆಯೇ ಕೇಳಿ. ಅಜೈಡ್ ಈ ಬಗೆಯ ಕ್ರಿಯೆಗಳನ್ನು ತಡೆಯುತ್ತದೆ. ಅಜೈಡ್ ಇರುವ ಬಫರ್‌ಗೆ ಆಮ್ಲ ಸುರಿಯಬೇಡಿ, ವಿಷದ ಗಾಳಿ ಹೊರಡುತ್ತದೆ. ಲೋಹದ ಪೈಪ್ ಇರುವ ಸಿಂಕಿಗೂ ಬಿಡಬೇಡಿ.

ಇಷ್ಟಾದರೂ ಬಣ್ಣ ಇಲ್ಲವೇ? ಕಣದ ಬದಲು ಒಂದಿಷ್ಟು ಹಾರ್ಸ್‌ರ್‍ಯಾಡಿಶ್ ಪೆರಾಕ್ಸಿಡೇಸ್ (ಗಿಡದಿಂದ ತೆಗೆದ ನಿಜವಾದ ಕಿಣ್ವ) ಹಾಕಿ ನೋಡಿ. ನೀಲಿ ಬಂದರೆ ಕಣ ಬಿಟ್ಟು ಉಳಿದದ್ದೆಲ್ಲ ಸರಿ ಇದೆ. ಬರದಿದ್ದರೆ ಕಣದ ಮೇಲೆ ತಪ್ಪು ಹೊರಿಸಬೇಡಿ. ಈ ಒಂದು ಕಂಟ್ರೋಲ್ ಇಲ್ಲದೆ ವಾರಗಟ್ಟಲೆ ಹೊಸ ಬ್ಯಾಚ್ ಮಾಡುತ್ತ ಕೂತವರನ್ನು ನೋಡಿ ಬೇಜಾರಾಗಿದೆ.

ಈಗ ಆ ಚಿಂತೆಯ ಮಾತು. ಟಿಎಂಬಿ ನೀಲಿ ಆಗುವುದು ಪೆರಾಕ್ಸೈಡ್ ಬಳಸಿ ಇನ್ನೊಂದನ್ನು ಉತ್ಕರ್ಷಿಸಿದಾಗ. ಸೀರಿಯಂ ಆಕ್ಸೈಡ್ ಅಂತೂ ಹುಳಿಯಲ್ಲಿ ಪೆರಾಕ್ಸೈಡ್ ಇಲ್ಲದೆಯೂ ಟಿಎಂಬಿಯನ್ನು ನೀಲಿ ಮಾಡಬಲ್ಲದು. ಅಂದರೆ ಈ ಪರೀಕ್ಷೆ ಅಳೆಯುವುದು ಕಣದ ಸುಡುವ ಗುಣವನ್ನು. ಹೃದಯಕ್ಕೆ ಬೇಕಾದದ್ದು ಆರಿಸುವ ಗುಣ ಅಲ್ವಾ? ಕಣ ಇದೆ, ಅದಕ್ಕೆ ಚಟುವಟಿಕೆ ಇದೆ ಎಂದು ತಿಳಿಯಲು ನೀಲಿ ಬಣ್ಣ ಸಾಕು. ಅದನ್ನೇ "ಆಂಟಿಆಕ್ಸಿಡೆಂಟ್ ಸಾಮರ್ಥ್ಯ" ಅಂತ ಪ್ರಬಂಧದಲ್ಲಿ ಬರೆದರೆ ಪರೀಕ್ಷಕರು ಬಿಟ್ಟರೂ ಹೃದಯ ಬಿಡುವುದಿಲ್ಲ. ಎಸ್‌ಒಡಿ ಮತ್ತು ಕ್ಯಾಟಲೇಸ್ ಪರೀಕ್ಷೆಗಳನ್ನು 7.4ರಲ್ಲಿ ಬೇರೆಯಾಗಿ ಮಾಡಲೇಬೇಕು.

"ಕಣ ಹಾಕದ ಬ್ಲಾಂಕ್‌ನಲ್ಲೂ ಬಣ್ಣ ಬರುತ್ತಿದೆ"

ಮೊದಲ ಸಂಶಯ ನೀರಿನ ಮೇಲೆ. ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅನ್ನುವುದು ಮನೆಯ ಗೀಸರ್ ಬಿಚ್ಚಿದವರಿಗೆ ಗೊತ್ತು. ಗಾಜಿನ ಸಾಮಾನನ್ನು ನಲ್ಲಿ ನೀರಲ್ಲಿ ತೊಳೆದು ಹಾಗೇ ಒಣಗಿಸಿದರೆ ಒಳಗೆ ಬಿಳಿ ಪದರ ಉಳಿಯುತ್ತದೆ, ಜತೆಗೆ ಕಬ್ಬಿಣವೂ. ಕಬ್ಬಿಣದ ಅಯಾನ್ ಪೆರಾಕ್ಸೈಡ್ ಜತೆ ಸೇರಿದರೆ ತಾನೇ ಬಣ್ಣ ಕೊಡುತ್ತದೆ.

ಸಣ್ಣ ಲ್ಯಾಬ್‌ಗಳಲ್ಲಿ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದು ಬಳಸುವುದು ರೂಢಿ. ಒಂದು ಅಂಗಡಿಯಿಂದ ಹೀಗೆ ಸೀಲ್ ಹಾಕಿದ ಕ್ಯಾನ್ ತರಿಸಿದ್ದೆವು. ಬಿಳಿ ಕ್ಯಾನ್, ಮೇಲೆ ನೀಲಿ ಲೇಬಲ್. ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದಾಗ ತಳದ ಮೂಲೆಯಲ್ಲಿ ಇಟ್ಟಿಗೆ ಬಣ್ಣದ ತೆಳು ಮಣ್ಣು ಕಂಡಿತು. ಬೆರಳಿಗೆ ಹತ್ತಿಸಿಕೊಂಡರೆ ತುಕ್ಕಿನ ಪುಡಿ. ಟಿಡಿಎಸ್ ಮೀಟರ್ ಮಾತ್ರ ಆ ನೀರಿಗೆ ಒಳ್ಳೆಯ ಸಂಖ್ಯೆಯನ್ನೇ ತೋರಿಸುತ್ತಿತ್ತು. ಇದು ನೆನಪಿರಲಿ. ಟಿಡಿಎಸ್ ಮೀಟರ್ ಒಟ್ಟು ಲವಣ ಹೇಳುತ್ತದೆ. ಪ್ರಯೋಗ ಕೆಡಿಸಲು ಸಾಕಾಗುವಷ್ಟು ಚೂರು ಕಬ್ಬಿಣ ಅದರ ಕಣ್ಣಿಗೆ ಬೀಳುವುದಿಲ್ಲ. ಹತ್ತಿರದ ಮೆಡಿಕಲ್ ಕಾಲೇಜಿನ ಮಿಲಿ-ಕ್ಯೂ (ಅತಿ ಶುದ್ಧ) ನೀರು ಒಂದು ಲೀಟರ್ ಕೇಳಿ ತನ್ನಿ, ಅದರಲ್ಲಿ ಅದೇ ಬ್ಲಾಂಕ್ ಮಾಡಿ. ಬಣ್ಣ ಹೋದರೆ ಉತ್ತರ ಸಿಕ್ಕಿತು. ಇನ್ನು ಮೇಲೆ ಗಾಜಿನ ಸಾಮಾನನ್ನು ತೆಳು ಆಮ್ಲದಲ್ಲಿ ತೊಳೆದು, ಒಳ್ಳೆಯ ನೀರಲ್ಲಿ ಮೂರು ಸಲ ಗಲಬರಿಸಿ. ತುಕ್ಕು ಹಿಡಿದ ಚಮಚ ಎಸೆಯಿರಿ.

ನೀರು ಸರಿ ಇದ್ದರೆ ಟಿಎಂಬಿ ನೋಡಿ. ಬೆಳಕಿಗೆ ಇಟ್ಟ ದ್ರಾವಣ ತಾನಾಗಿಯೇ ಹಸಿರು ನೀಲಿಗೆ ತಿರುಗಿರುತ್ತದೆ.

ಬ್ಲಾಂಕ್ ಸ್ವಚ್ಛವಾಗಿದ್ದು ಕಣದ ಟ್ಯೂಬ್‌ನಲ್ಲಿ ಮಾತ್ರ ಬಣ್ಣ ಅತಿಯಾದರೆ ಒಂದು ಪರೀಕ್ಷೆ ತಪ್ಪಿಸಬೇಡಿ. ಕಣಗಳನ್ನು ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನಷ್ಟೇ ತೆಗೆದು ಅದರಲ್ಲೇ ಪ್ರಯೋಗ ಮಾಡಿ. ತಿಳಿಯೂ ಬಣ್ಣ ಕೊಟ್ಟರೆ ಕೆಲಸ ಮಾಡುತ್ತಿರುವುದು ಕಣದಿಂದ ಕರಗಿ ಬಂದ ಲೋಹ, ಅಥವಾ ತಯಾರಿಕೆಯಲ್ಲಿ ಉಳಿದ ರಾಸಾಯನಿಕ. ಪರ್ಮ್ಯಾಂಗನೇಟ್‌ನಿಂದ ಮ್ಯಾಂಗನೀಸ್ ಕಣ ಮಾಡುವವರಿಗೆ ಇದು ಬಹಳ ಸಲ ಆಗುತ್ತದೆ. ಡಯಾಲಿಸಿಸ್ (ಕಣವನ್ನು ಪೊರೆಯ ಚೀಲದಲ್ಲಿಟ್ಟು ತೊಳೆಯುವುದು) ಇನ್ನೂ ಒಂದು ದಿನ ಮುಂದುವರಿಸಿ.

"ದ್ರಾವಣ ಮಬ್ಬಾಯಿತು, ತಳ ಹಿಡಿಯಿತು"

ಒಳ್ಳೆಯ ಸೀರಿಯಂ ಆಕ್ಸೈಡ್ ದ್ರಾವಣ ನೀರಿನಲ್ಲಿ ತಿಳಿ ಹಳದಿ ಇರುತ್ತದೆ, ಆಚೆಗಿನ ಅಕ್ಷರ ಓದಬಹುದು. ಮೊಬೈಲ್ ಟಾರ್ಚ್ ಹಾಯಿಸಿದರೆ ಬೆಳಕಿನ ಗೆರೆ ತೆಳುವಾಗಿ ಕಾಣುತ್ತದೆ. ಇದೇ ದ್ರಾವಣಕ್ಕೆ ಪಿಬಿಎಸ್ ಸೇರಿಸಿ ಪಕ್ಕದಲ್ಲಿ ಕೂತು ನೋಡಿ. ಮೇಲ್ಗಡೆಯಿಂದ ಹೊಗೆಯಂಥ ಮಬ್ಬು ಇಳಿಯುತ್ತದೆ. ಟಾರ್ಚ್ ಗೆರೆ ದಪ್ಪಗಾಗಿ ಬೆಳ್ಳಗಾಗುತ್ತದೆ. ಬೆಳಗ್ಗೆ ಬಂದು ನೋಡಿದರೆ ತಳದಲ್ಲಿ ಕೆನೆ ಬಣ್ಣದ ಪದರ ಕೂತಿರುತ್ತದೆ.

ಇಲ್ಲಿ ಎರಡು ಕಾರಣ ಕೂಡಿಕೊಂಡಿರುತ್ತವೆ. ಮೇಲೆ ಏನೂ ಲೇಪ ಇಲ್ಲದ ಸೀರಿಯಂ ಆಕ್ಸೈಡ್ ಕಣಕ್ಕೆ ಪಿಎಚ್ 7ರ ಆಸುಪಾಸಿನಲ್ಲಿ ವಿದ್ಯುದಂಶ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಒಂದನ್ನೊಂದು ತಳ್ಳುವ ಬಲ ಹೋಗಿ ಕಣಗಳು ಗುಂಪು ಕಟ್ಟುತ್ತವೆ. ಇದಕ್ಕೆ ಸಿಟ್ರೇಟ್ ಅಥವಾ ಡೆಕ್ಸ್‌ಟ್ರಾನ್ ಲೇಪ ಕೊಟ್ಟರೆ ಆಯಿತು. ಎರಡನೇ ಕಾರಣ ಫಾಸ್ಫೇಟ್. ಅದು ಕಣದ ಮೇಲ್ಮೈಯಲ್ಲಿರುವ ಸೀರಿಯಂ 3+ಗೆ ಅಂಟಿಕೊಳ್ಳುತ್ತದೆ (ಕಣದಲ್ಲಿ ಸೀರಿಯಂ 3+, 4+ ಎಂಬ ಎರಡು ರೂಪಗಳಲ್ಲಿ ಇರುತ್ತದೆ). ಎಸ್‌ಒಡಿ ಕೆಲಸ ನಡೆಯುವುದೇ ಆ 3+ ಜಾಗಗಳ ಬಲದ ಮೇಲೆ. ಹಾಗಾಗಿ ಫಾಸ್ಫೇಟ್ ಬಫರ್‌ನಲ್ಲಿ ಎಸ್‌ಒಡಿ ಗುಣ ಬಿದ್ದುಹೋಗಿ, ಕ್ಯಾಟಲೇಸ್ ಗುಣ ಏರುತ್ತದೆ. ಎಷ್ಟೋ ಸಲ "ಕಣ ಸತ್ತುಹೋಯಿತು" ಅನ್ನುವ ದೂರಿನ ಹಿಂದೆ ಇರುವುದು ಇದೇ. ಟ್ರಿಸ್ ಅಥವಾ ಹೆಪಿಸ್ ಬಫರ್‌ಗೆ ಬದಲಾಯಿಸಿ ನೋಡಿ. ಹೆಪಿಸ್ ಇರುವ ಮೀಡಿಯಂ ಬೆಳಕಿಗೆ ಬಿದ್ದರೆ ಅದರಲ್ಲೇ ಪೆರಾಕ್ಸೈಡ್ ಹುಟ್ಟಬಹುದು, ಫಾಯಿಲ್ ಸುತ್ತಿಡಿ.

ಆದರೆ ರಕ್ತದಲ್ಲೂ ಕೋಶದಲ್ಲೂ ಫಾಸ್ಫೇಟ್ ಇದ್ದೇ ಇದೆ. ಬಫರ್ ಬದಲಿಸಿ ಸಂಖ್ಯೆ ಚೆಂದ ಮಾಡಿಕೊಂಡು ಅಲ್ಲಿಗೇ ಬಿಡುವುದು ಸರಿಯಲ್ಲ. ದೋಷ ಎಲ್ಲಿದೆ ಎಂದು ತಿಳಿಯಲು ಟ್ರಿಸ್ ಬಳಸಿ. ಫಲಿತಾಂಶ ಹೇಳುವಾಗ ಫಾಸ್ಫೇಟ್ ಮತ್ತು ಸೀರಂ ಎರಡೂ ಇರುವ ದ್ರವದಲ್ಲಿ ಇಡೀ ದಿನ ಇಟ್ಟ ಕಣದ ಸಂಖ್ಯೆಯನ್ನೂ ಕೊಡಿ.

ಬಣ್ಣದ ಇನ್ನೊಂದು ಸೂಚನೆ ನನಗೆ ಬಹಳ ಇಷ್ಟ. ತಿಳಿ ಹಳದಿ ದ್ರಾವಣಕ್ಕೆ ಚೂರು ಪೆರಾಕ್ಸೈಡ್ ಹಾಕಿದರೆ ಕಿತ್ತಳೆ ಕಡೆಗೆ ತಿರುಗುತ್ತದೆ. ಹಾಗೇ ಬಿಟ್ಟರೆ ದಿನ ಕಳೆದಂತೆ ಮತ್ತೆ ತಿಳಿಯಾಗುತ್ತದೆ. ಕಣದ ಮೇಲ್ಮೈ 4+ ಕಡೆಗೆ ಹೋಗಿ 3+ ಕಡೆಗೆ ಮರಳುತ್ತಿರುವುದರ ಗುರುತು ಅದು. ಒಂದು ಡೋಸ್ ವಿಟಮಿನ್ ಸಿ ಖರ್ಚಾಗಿ ಮುಗಿಯುತ್ತದೆ, ಈ ಕಣ ಮತ್ತೆ ಸಜ್ಜಾಗುತ್ತದೆ. ಕಿತ್ತಳೆ ಆದದ್ದು ವಾರಗಳಾದರೂ ಮರಳದಿದ್ದರೆ ಕಣ ದೊಡ್ಡದಾಗಿದೆ, ಇಲ್ಲವೇ ಲೇಪ ಅಡ್ಡ ಬಂದಿದೆ ಎಂದು ಸಂಶಯ ಪಡಿ. ಡಿಎಲ್‌ಎಸ್ (ಬೆಳಕಿನಿಂದ ಕಣದ ಗಾತ್ರ ಅಳೆಯುವ ಪರೀಕ್ಷೆ) ಮಾಡಿಸುವ ಸಮಯ ಅದು.

"ಎಸ್‌ಒಡಿ ಫಲಿತಾಂಶ ನಂಬಲಾರದಷ್ಟು ಚೆನ್ನಾಗಿದೆ"

ನಂಬಬೇಡಿ, ಇನ್ನೂ. ಈ ಪರೀಕ್ಷೆಯಲ್ಲಿ ಕ್ಸಾಂಥೀನ್ ಆಕ್ಸಿಡೇಸ್ ಸೂಪರ್‌ಆಕ್ಸೈಡ್ ಮಾಡುತ್ತದೆ, ಒಂದು ಬಣ್ಣದ ವಸ್ತು ಅದನ್ನು ಹಿಡಿದು ತೋರಿಸುತ್ತದೆ. ಬಣ್ಣ ಕಡಿಮೆಯಾದರೆ ಕಣ ಸೂಪರ್‌ಆಕ್ಸೈಡ್ ತಿಂದಿತು ಅನ್ನುತ್ತೇವೆ. ಆದರೆ ಕಣವು ಕ್ಸಾಂಥೀನ್ ಆಕ್ಸಿಡೇಸನ್ನೇ ನಿಲ್ಲಿಸಿದ್ದರೂ ಬಣ್ಣ ಕಡಿಮೆ. ಬಣ್ಣದ ವಸ್ತುವನ್ನು ಮೈಗೆ ಅಂಟಿಸಿಕೊಂಡು ತಳಕ್ಕೆ ಎಳೆದಿದ್ದರೂ ಕಡಿಮೆ. ಸೈಟೊಕ್ರೋಮ್ ಸಿ ಬಳಸುವವರಿಗೆ ಇನ್ನೊಂದು ಮೋಸ. ಕಣ ಅದನ್ನು ನೇರವಾಗಿ ಮರಳಿ ಉತ್ಕರ್ಷಿಸಬಹುದು.

ಅಗ್ಗದ ಪರೀಕ್ಷೆ: ಕಣ ಮತ್ತು ಬಣ್ಣದ ವಸ್ತು ಎರಡನ್ನೇ ಬೆರೆಸಿ, ಸೆಂಟ್ರಿಫ್ಯೂಜ್ ಮಾಡಿ, ತಿಳಿಯಲ್ಲಿ ಬಣ್ಣ ಉಳಿದಿದೆಯೇ ನೋಡಿ. ಮುಂದಿನದು: 290 ನ್ಯಾನೊಮೀಟರ್ ಆಸುಪಾಸಿನಲ್ಲಿ ಯೂರಿಕ್ ಆಮ್ಲ ಎಂದಿನ ವೇಗದಲ್ಲಿ ಹುಟ್ಟುತ್ತಿದೆಯೇ ನೋಡಿ. ಹುಟ್ಟುತ್ತಿದ್ದರೆ ಕಿಣ್ವ ಬದುಕಿದೆ. ಸೀರಿಯಂ ಆಕ್ಸೈಡ್ ಕೂಡ ಅದೇ ಜಾಗದಲ್ಲಿ ಬೆಳಕು ಹೀರುತ್ತದೆ, ಕಣದ ಬ್ಲಾಂಕ್ ಕಳೆಯುವುದನ್ನು ಮರೆಯಬೇಡಿ.

ಎಸ್‌ಒಡಿ ನಿಜವಾಗಿಯೂ ಚೆನ್ನಾಗಿದ್ದರೆ ಕ್ಯಾಟಲೇಸ್ ಗುಣ ನೋಡಲೇಬೇಕು. ಎಸ್‌ಒಡಿ ಕೆಲಸದ ಫಲವೇ ಪೆರಾಕ್ಸೈಡ್. ಯಕೃತ್ತಿಗೆ ಹೋಲಿಸಿದರೆ ಹೃದಯದಲ್ಲಿ ಕ್ಯಾಟಲೇಸ್ ಬಹಳ ಕಡಿಮೆ. ಪೆರಾಕ್ಸೈಡ್ ತೆಗೆಯಲಾರದ ಕಣ ಅಲ್ಲಿ ತೊಂದರೆಯನ್ನು ಒಂದು ಹೆಜ್ಜೆ ಮುಂದಕ್ಕೆ ತಳ್ಳುತ್ತದೆ, ಅಷ್ಟೇ. 3+ ಜಾಸ್ತಿ ಇರುವ ಕಣ ಎಸ್‌ಒಡಿ ಕಡೆಗೆ, 4+ ಜಾಸ್ತಿ ಇರುವುದು ಕ್ಯಾಟಲೇಸ್ ಕಡೆಗೆ ವಾಲುತ್ತದೆ. ಎರಡೂ ಬೇಕೆಂದರೆ ನಡುವಿನ ಜಾಗ ಹುಡುಕಬೇಕು.

"ಟ್ಯೂಬ್‌ನಲ್ಲಿ ನಡೆಯುತ್ತದೆ, ಕೋಶ ಮಾತ್ರ ಸಾಯುತ್ತಿದೆ"

ನಾವು ಬಳಸುವುದು ಬಹುತೇಕ ಎಚ್9ಸಿ2 ಕೋಶಗಳು. ಇಲಿಯ ಭ್ರೂಣದ ಹೃದಯದಿಂದ ಬಂದವು. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಬಹುದು. ಇವು ಮಿಡಿಯುವುದಿಲ್ಲ, ವಿಭಜನೆ ಆಗುತ್ತಲೇ ಇರುತ್ತವೆ. ಹೃದಯದ ನಿಜ ಸ್ನಾಯುವಿಗೂ ಇವಕ್ಕೂ ಅಂತರ ಇದೆ ಅನ್ನುವುದು ಮನಸ್ಸಿನಲ್ಲಿರಲಿ.

ಕಣ ಹಾಕದ ಕೋಶಗಳೂ ಸೊರಗಿದ್ದರೆ ಕಣದ ಮಾತು ಬಿಡಿ. ಮೀಡಿಯಂ ನೇರಳೆ ಗುಲಾಬಿಗೆ ತಿರುಗಿದೆಯೇ? ಇನ್‌ಕ್ಯುಬೇಟರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಇಲ್ಲ. ರಾತ್ರಿ ಕರೆಂಟ್ ಹೋಗಿ ಬಂದಿರಬಹುದು, ಅಥವಾ ಸಿಲಿಂಡರ್ ಮುಗಿದಿರಬಹುದು. ವಾಚ್‌ಮನ್‌ಗೆ ಕೇಳಿ, ಅವರಿಗೆ ಕರೆಂಟ್ ಹೋದ ಹೊತ್ತು ಗೊತ್ತಿರುತ್ತದೆ. ಹಳದಿ ಆಗಿದ್ದರೆ ಕೋಶ ತುಂಬಿಹೋಗಿವೆ, ಇಲ್ಲವೇ ಸೋಂಕು. ಮಬ್ಬಿಲ್ಲದೆ ಬೆಳವಣಿಗೆ ಮಾತ್ರ ನಿಧಾನ ಆಗಿದ್ದರೆ ಮೈಕೊಪ್ಲಾಸ್ಮಾ ಎಂಬ ಅತಿಸಣ್ಣ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ.

ಕಣ ಹಾಕಿದ ಕೋಶ ಮಾತ್ರ ಸಾಯುತ್ತಿದ್ದರೆ ಡೋಸ್ ಹತ್ತರಲ್ಲಿ ಒಂದಕ್ಕೆ ಇಳಿಸಿ. ಜಾಸ್ತಿ ಹಾಕಿದರೆ ಜಾಸ್ತಿ ಲಾಭ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಕೋಶ ನುಂಗಿದ ಕಣ ಹೋಗಿ ಸೇರುವುದು ಲೈಸೊಸೋಮ್‌ಗೆ. ಅಲ್ಲಿನ ಪಿಎಚ್ 4.5ರಿಂದ 5. ಟಿಎಂಬಿ ಟ್ಯೂಬ್‌ನಲ್ಲಿ ನೀಲಿ ಕೊಟ್ಟ ಅದೇ ಹುಳಿ. 7.4ರಲ್ಲಿ ಪೆರಾಕ್ಸೈಡ್ ಒಡೆದು ನೀರು, ಆಮ್ಲಜನಕ ಮಾಡುವ ಕಬ್ಬಿಣದ ಆಕ್ಸೈಡ್ ಅಲ್ಲಿ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತದೆ. "ಚಲೋ ಬಂದೈತ್ರಿ" ಅಂದಾಗ ನಾನು ಮೊದಲು ಕೇಳುವ ಪ್ರಶ್ನೆ ಪಿಎಚ್ ಎಷ್ಟಿತ್ತು ಅಂತ. ಅದಕ್ಕೆ ಕಾರಣ ಇದು.

ಇನ್ನೊಂದು ಕಾರಣ ಎಂಡೊಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ಗೋಡೆಯ ಚೂರು. ತೆರೆದ ಬೀಕರ್‌ನಲ್ಲಿ ಮಾಡಿದ ಕಣಕ್ಕೆ ಅದು ಅಂಟಿಯೇ ಇರುತ್ತದೆ. ಆಟೊಕ್ಲೇವ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಎಂಡೊಟಾಕ್ಸಿನ್ ಹೋಗುವುದಿಲ್ಲ. ಗಾಜಿನ ಸಾಮಾನನ್ನು 250 ಡಿಗ್ರಿಯ ಒಣ ಓವನ್‌ನಲ್ಲಿ ಅರ್ಧ ಗಂಟೆ ಇಡಬೇಕು.

ಈಗ ತಿರುಗಿ ನೋಡೋಣ. ಕೋಶ ಸಾಯದೆ, ಕಣ ಹಾಕಿದ ತಟ್ಟೆಯಲ್ಲಿ 90 ಶೇಕಡಾ ಉಳಿದವು ಎಂದುಕೊಳ್ಳಿ. ಇದನ್ನೂ ಒಂದು ದೋಷದ ಲಕ್ಷಣ ಅಂತಲೇ ಹಿಡಿದು ಪರೀಕ್ಷಿಸಿ. ಕಣ ಮೀಡಿಯಂನಲ್ಲೇ ತೇಲುತ್ತಿರುವಾಗ ಪೆರಾಕ್ಸೈಡ್ ಹಾಕಿದರೆ ಅದು ಕೋಶ ಮುಟ್ಟುವ ಮೊದಲೇ ಒಡೆದುಹೋಗುತ್ತದೆ. ಅದು ರಕ್ಷಣೆ ಅಲ್ಲ, ವಿಷವನ್ನೇ ಹೊರಗೆ ಸುರಿದಂತೆ. ಕಣ ಕೊಟ್ಟು, ಒಂದು ದಿನ ಬಿಟ್ಟು, ಮೀಡಿಯಂ ಬದಲಿಸಿ, ಎರಡು ಸಲ ತೊಳೆದು ಆಮೇಲೆ ಪೆರಾಕ್ಸೈಡ್ ಹಾಕಿ. ಇನ್ನೊಂದು ಸಾಲಿನಲ್ಲಿ ಮೊದಲು ಹಾನಿ ಮಾಡಿ ಆಮೇಲೆ ಕಣ ಕೊಡಿ. ರೋಗಿ ಆಸ್ಪತ್ರೆಗೆ ಬರುವುದು ನಾಳ ಕಟ್ಟಿಕೊಂಡ ಮೇಲೆ. ಹಿಂದಿನ ದಿನವೇ ಔಷಧಿ ಕೊಡುವ ಅವಕಾಶ ಯಾರಿಗೂ ಸಿಗುವುದಿಲ್ಲ.

ಎಂಟಿಟಿ ಪರೀಕ್ಷೆಯಲ್ಲಿ (ಬದುಕಿದ ಕೋಶ ನೇರಳೆ ಬಣ್ಣ ಕೊಡುವ ಪರೀಕ್ಷೆ) ಕೋಶವೇ ಇಲ್ಲದ ತಟ್ಟೆಯ ಕುಳಿಯಲ್ಲಿ ಕಣ ಮತ್ತು ಎಂಟಿಟಿ ಹಾಕಿ ನೋಡಿ. ನೇರಳೆ ಬಂದರೆ ಕಣವೇ ಬಣ್ಣ ಮಾಡುತ್ತಿದೆ. ಕೋಶದೊಳಗಿನ ಉತ್ಕರ್ಷಣೆ ತೋರಿಸುವ ಡಿಸಿಎಫ್ ಬಣ್ಣವೂ ಹಾಗೆಯೇ. ಬೆಳಕಿಗೆ ತಾನೇ ಹೊಳೆಯುತ್ತದೆ, ಕಬ್ಬಿಣಕ್ಕೆ ಸ್ಪಂದಿಸುತ್ತದೆ, ಕಣ ಅದರ ಹೊಳಪನ್ನು ನುಂಗಲೂಬಹುದು. ಅದೊಂದನ್ನೇ ನೆಚ್ಚಬೇಡಿ. ಸತ್ತ ಕೋಶದಿಂದ ಸೋರುವ ಎಲ್‌ಡಿಎಚ್ ಕಿಣ್ವ ಅಳೆದು ತಾಳೆ ನೋಡಿ.

"ಕೋಶದಲ್ಲಿ ಗೆದ್ದಿತು, ಇಲಿಯ ಹೃದಯದಲ್ಲಿ ಸೋತಿತು"

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ, ತರಬೇತಿ ಪಡೆದವರು ಪಕ್ಕದಲ್ಲಿ ಇಲ್ಲದೆ ಈ ಹಂತಕ್ಕೆ ಕಾಲಿಡಬೇಡಿ. ನೋವು ತಿನ್ನುವುದು ಇನ್ನೊಂದು ಜೀವ. ಮೇಲಿನ ವಿಭಾಗಗಳಲ್ಲಿ ಒಂದು ಪ್ರಶ್ನೆ ಉಳಿದಿದ್ದರೂ ಇಲಿ ಮುಟ್ಟಬಾರದು ಎಂದು ನಾನು ಹಟ ಹಿಡಿಯುತ್ತೇನೆ.

ಸಮಿತಿ ಒಪ್ಪಿ, ಪ್ರಯೋಗ ನಡೆದು, ಕಣ ಕೊಟ್ಟ ಗುಂಪಿಗೂ ಕೊಡದ ಗುಂಪಿಗೂ ವ್ಯತ್ಯಾಸ ಕಾಣದಿದ್ದರೆ ಮೊದಲು ಬಣ್ಣ ನೋಡಿ. ಟಿಟಿಸಿ ಎಂಬ ಬಣ್ಣದ ವಸ್ತುವಿನಲ್ಲಿ ಬದುಕಿದ ಸ್ನಾಯು ಇಟ್ಟಿಗೆ ಕೆಂಪು, ಸತ್ತದ್ದು ಬೆಳ್ಳಗೆ. ಎಲ್ಲವೂ ಮಂಕು ಗುಲಾಬಿ ಆಗಿದ್ದರೆ ಟಿಟಿಸಿ ಹಳೆಯದು, ಬೆಳಕು ತಾಗಿದೆ, ಅಥವಾ ದ್ರಾವಣ 37 ಡಿಗ್ರಿ ಇರಲಿಲ್ಲ. ರಕ್ತ ಮರಳಿ ಬಿಟ್ಟು ಎರಡು ಮೂರು ಗಂಟೆಯಾದರೂ ಆಗದೆ ಹೃದಯ ತೆಗೆದಿದ್ದರೆ ಗಡಿ ಸ್ಪಷ್ಟವಾಗುವುದಿಲ್ಲ. ಇವಾನ್ಸ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ಅಪಾಯಕ್ಕೆ ಸಿಕ್ಕ ಜಾಗ ಎಷ್ಟು ಎಂದು ಅಳೆಯದಿದ್ದರೆ ಸತ್ತ ಜಾಗದ ಲೆಕ್ಕಕ್ಕೆ ಅರ್ಥ ಇಲ್ಲ. ನಾಳ ಕಟ್ಟುವ ದಾರ ಒಂದು ಇಲಿಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಬಿದ್ದಿರುತ್ತದೆ.

ಆಮೇಲೆ ಇಲಿಯ ಮೈ ಬಿಸಿ. ಅರಿವಳಿಕೆಯಲ್ಲಿ ಮೈ ತಣ್ಣಗಾದರೆ ಹಾನಿ ತಾನೇ ಕಡಿಮೆಯಾಗುತ್ತದೆ. ಐಸೊಫ್ಲುರೇನ್ ಕೂಡ ಹೃದಯವನ್ನು ಒಂದಿಷ್ಟು ಕಾಯುತ್ತದೆ. ಎರಡೂ ಸೇರಿ ನಿಮ್ಮ ಕಣದ ಗುಣವನ್ನು ಮುಚ್ಚಿಬಿಡಬಹುದು.

ಇವೆಲ್ಲ ಸರಿ ಇದ್ದರೆ ಉಳಿಯುವ ಪ್ರಶ್ನೆಗಳು ಎರಡು: ಕಣ ಹೃದಯ ತಲುಪಿತೇ, ಹೊತ್ತಿಗೆ ತಲುಪಿತೇ? ರಕ್ತನಾಳಕ್ಕೆ ಕೊಟ್ಟ ಕಣಗಳಲ್ಲಿ ಬಹುಪಾಲು ಯಕೃತ್ತು ಮತ್ತು ಗುಲ್ಮಕ್ಕೆ ಹೋಗಿ ಸೇರುತ್ತವೆ. ಸೂಪರ್‌ಆಕ್ಸೈಡ್ ಉಕ್ಕುವುದು ಮೊದಲ ನಿಮಿಷಗಳಲ್ಲಿ. ಅರ್ಧ ಗಂಟೆ ಬಿಟ್ಟು ಬಂದ ಕಣ ಏನು ಮಾಡೀತು? ಈ ಪ್ರಶ್ನೆಯ ಮೇಲೆಯೇ ದೊಡ್ಡವರೂ ಎಡವಿದ್ದಾರೆ. ಪ್ರಾಣಿಗಳಲ್ಲಿ ಆಸೆ ಹುಟ್ಟಿಸಿದ್ದ ಎಸ್‌ಒಡಿ ಕಿಣ್ವವನ್ನೇ ಆಂಜಿಯೋಪ್ಲಾಸ್ಟಿ ಹೊತ್ತಿನಲ್ಲಿ ರೋಗಿಗಳಿಗೆ ಕೊಟ್ಟ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಹೃದಯದ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಕಿಣ್ವ ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ, ಕೋಶದೊಳಗೆ ಸುಲಭಕ್ಕೆ ಹೋಗುವುದೂ ಇಲ್ಲ. 2000ದಲ್ಲಿ ಬಂದ ಹೋಪ್ ಅಧ್ಯಯನದಲ್ಲಿ 9,500ಕ್ಕೂ ಜಾಸ್ತಿ ಜನರಲ್ಲಿ ವಿಟಮಿನ್ ಇ ಹೃದಯಾಘಾತ ತಡೆಯಲಿಲ್ಲ. ನ್ಯಾನೊಜೈಮ್ ಮೇಲೆ ನನಗೆ ಭರವಸೆ ಇದೆ. ಜಾಸ್ತಿ ಹೊತ್ತು ಉಳಿಯುತ್ತದೆ, ಮತ್ತೆ ಮತ್ತೆ ಕೆಲಸ ಮಾಡುತ್ತದೆ. ಅದಕ್ಕೇ ತಲುಪಿದ್ದನ್ನು ಐಸಿಪಿ-ಎಂಎಸ್‌ನಲ್ಲಿ (ಲೋಹದ ಪ್ರಮಾಣ ಹೇಳುವ ಯಂತ್ರ) ಅಳೆದು ತೋರಿಸಿ ಅಂತ ಕೇಳುವುದು.

"ಒಂದು ಬ್ಯಾಚ್ ಸರಿ, ಮುಂದಿನದು ಇಲ್ಲ"

ಜನವರಿಯಲ್ಲಿ ಮಾಡಿದ ಬ್ಯಾಚ್ ಮತ್ತು ಏಪ್ರಿಲ್‌ನಲ್ಲಿ ಮಾಡಿದ ಬ್ಯಾಚ್ ವಿಜಯಪುರದಲ್ಲಿ ಒಂದೇ ಆಗುವುದಿಲ್ಲ. "ಕೋಣೆಯ ಉಷ್ಣತೆ" ಅಂತ ಬರೆಯಬೇಡಿ, ಡಿಗ್ರಿ ಬರೆಯಿರಿ. ಅಮೋನಿಯಾ ಬಾಟಲಿ ತೆರೆದ ದಿನಾಂಕ ಬರೆಯಿರಿ, ಅದೂ ಬಿಸಿಲಿಗೆ ಹಾರಿಹೋಗುತ್ತದೆ.

ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ಟ್ಯೂಬ್ ಬಿಸಿಯಾಗುತ್ತಿದ್ದರೆ, ನೊರೆ ನಿಲ್ಲದಿದ್ದರೆ ಹಿಂದೆ ಸರಿಯಿರಿ, ಮುಚ್ಚಳ ಮುಟ್ಟಬೇಡಿ. ಕಣ್ಣಿಗೆ ಪೆರಾಕ್ಸೈಡ್ ಸಿಡಿದರೆ ಕನಿಷ್ಠ 15 ನಿಮಿಷ ಹರಿವ ನೀರಲ್ಲಿ ತೊಳೆದು ನೇರ ಕಣ್ಣಿನ ಡಾಕ್ಟರ್ ಬಳಿ ಹೋಗಿ.

ಮೇಲಿನ ಅಗ್ಗದ ಪರೀಕ್ಷೆಗಳೆಲ್ಲ ಮುಗಿದರೂ ದೋಷ ಸಿಗದಿದ್ದರೆ ಆಗ ದೊಡ್ಡ ಯಂತ್ರದ ಮಾತು. ಟಿಇಎಂ (ಕಣದ ಆಕಾರ ತೋರಿಸುವುದು), ಎಕ್ಸ್‌ಆರ್‌ಡಿ (ಹರಳಿನ ರಚನೆ ಹೇಳುವುದು), ಎಕ್ಸ್‌ಪಿಎಸ್ (ಮೇಲ್ಮೈಯ 3+, 4+ ಅನುಪಾತ ಹೇಳುವುದು) ಇರುವ ವಿಶ್ವವಿದ್ಯಾಲಯದ ಉಪಕರಣ ಕೇಂದ್ರಕ್ಕೆ ಸ್ಯಾಂಪಲ್ ಕಳಿಸಬೇಕು. ಎಕ್ಸ್‌ಪಿಎಸ್‌ನ ನಿರ್ವಾತ ಮತ್ತು ಕಿರಣದಲ್ಲಿ ಸೀರಿಯಂ 4+ ಒಂದಿಷ್ಟು 3+ ಆಗಿಬಿಡುತ್ತದೆ. ಬಂದ ಅನುಪಾತವನ್ನು ಹಾಗೇ ನಂಬದೆ, ಬೇಗ ಸ್ಕ್ಯಾನ್ ಮಾಡಿ ಎಂದು ಮೊದಲೇ ಕೇಳಿಕೊಳ್ಳಿ.

ಸ್ಯಾಂಪಲ್ ಜತೆ ಚೀಟಿ ಇಡಿ: ತಯಾರಿಸಿದ ದಿನಾಂಕ, ಅವತ್ತಿನ ಡಿಗ್ರಿ, ಲೇಪ, ಎಷ್ಟು ಸಲ ತೊಳೆದಿರಿ, ಈಗ ಯಾವ ದ್ರವದಲ್ಲಿದೆ, ಪೆರಾಕ್ಸೈಡ್ ತಾಗಿದೆಯೇ. ಕೆಲಸ ಮಾಡಿದ ಹಳೆ ಬ್ಯಾಚ್ ಚೂರು ಉಳಿದಿದ್ದರೆ ಅದನ್ನೂ, ಕಣ ಇಲ್ಲದ ಬರಿ ಬಫರ್‌ನ ಒಂದು ಸಣ್ಣ ಬಾಟಲಿಯನ್ನೂ ಜತೆಗೆ ಕಳಿಸಿ. ಬೇಸಿಗೆಯಾದರೆ ಹಗಲಿನ ಬಸ್ಸಿನ ಡಿಕ್ಕಿಯಲ್ಲಿ ಇಡಬೇಡಿ. ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಹಾಕಿ, ರಾತ್ರಿ ಬಸ್ಸಿಗೆ ಕೈಯಲ್ಲೇ ಹಿಡಿದು ಹೋಗಿ.